ಮನೆ ಹಿಂದಿನ ಬಿಸಿಲು ಧರೆಗೆ ಯಾವ ಹೊದಿಕೆ ಗಿಡ ಹಾಕಬೇಕು?

ಧರೆಯಂಚು
ಕೊಪ್ಪದ ಹತ್ತಿರದ ಜಾಗ. ಮನೆ ಹಿಂದಿನ ಧರೆ (ಗುಡ್ಡ ಕಡಿದಾಗ ಉಳಿದ ಇಳಿಜಾರು) 9 ಮೀಟರ್ ಅಗಲ ಇದೆ, ಇಳಿಜಾರಿನ ಮೇಲೆ ಟೇಪ್ ಹಿಡಿದರೆ ಉದ್ದ 5 ಮೀಟರ್. ಪಡುವಣಕ್ಕೆ ಮುಖ, ಹನ್ನೊಂದು ಗಂಟೆಯಿಂದ ಸಂಜೆವರೆಗೆ ಸುಡುಬಿಸಿಲು. ಮೇಲೆಲ್ಲ ಜಂಬಿಟ್ಟಿಗೆಯ ಕೆಂಪು ಮಣ್ಣು, ಬುಡದ ಒಂದು ಅಡಿಯಷ್ಟು ಬಿಳಿಚಿದ ಜಾರು ಮಣ್ಣು. ಹುಲ್ಲು ಹೆರೆಸಿದ ಮೇಲೆ ಮಳೆಗಾಲದಲ್ಲಿ ಬೆರಳಗಲದ ಕೊರಕಲುಗಳು ಬೀಳುತ್ತಿವೆ, ಹಿತ್ತಿಲ ಚರಂಡಿಗೆ ಮಣ್ಣು ತುಂಬುತ್ತಿದೆ. ಪಿಂಟೋಯಿ (ಶೇಂಗಾ ಜಾತಿಯ ಹಬ್ಬುಗಿಡ) ಹಾಕಿ ಅಂತ ಒಬ್ಬರು, ಹಳದಿ ಹೂವಿನ ವೆಡೇಲಿಯಾ ಹಾಕಿ ಅಂತ ಇನ್ನೊಬ್ಬರು. ಯಾವುದು ಒಳ್ಳೆಯದು? ಎಷ್ಟು ಸಸಿ ಬೇಕು? ನೆಡುವುದು ಯಾವಾಗ?

ಕಲ್ಲುಕಟ್ಟೆ
ಗಿಡದ ಮಾತಿಗೆ ಮೊದಲು ನೀರಿನ ಮಾತು ಮುಗಿಯಬೇಕು.

ಕೋನ ಅಳೆಯಿರಿ. 1 ಮೀಟರ್ ಕೋಲಿನ ಒಂದು ತುದಿಯನ್ನು ಧರೆಗೆ ತಾಗಿಸಿ, ಮಟ್ಟಸವಾಗಿ ಹಿಡಿದು, ಇನ್ನೊಂದು ತುದಿಯಿಂದ ನೇರ ಕೆಳಗೆ ನೆಲಕ್ಕೆ ಎಷ್ಟು ಅಂತ ನೋಡಿ. 58 ಸೆಂ.ಮೀ. ಬಂದರೆ 30 ಡಿಗ್ರಿ, 84 ಬಂದರೆ 40, ಸರಿಯಾಗಿ 100 ಬಂದರೆ 45. ಮೂರ್ನಾಲ್ಕು ಕಡೆ ಅಳೆಯಿರಿ, ಯಾಕೆಂದರೆ ಕಡಿದ ಧರೆ ಕೆಳಗೆ ಕಡಿದಾಗಿ ಮೇಲೆ ಮಲಗಿರುತ್ತದೆ. 30ರವರೆಗೆ ಗಿಡಗಳೇ ಸಾಕು. 30ರಿಂದ 45ರವರೆಗೆ ಗಿಡದ ಜೊತೆ ತೆಂಗಿನ ನಾರಿನ ಬಲೆ ಬೇಕು. 45 ದಾಟಿದರೆ ಮೆಟ್ಟಿಲು ಕಡಿಯಬೇಕು ಇಲ್ಲವೇ ಗೋಡೆ ಕಟ್ಟಬೇಕು, ಅಲ್ಲಿ ಬರೀ ಗಿಡ ನಂಬಿ ಕೂರಬಾರದು.

ಬುಡದ ಆ ಬಿಳಿಚಿದ ಮಣ್ಣೇ ನನಗೆ ಹೆಚ್ಚು ಚಿಂತೆ. ಕರಾವಳಿಯಲ್ಲಿ ಶೇಡಿ ಮಣ್ಣು ಅನ್ನುತ್ತಾರೆ. ಜಂಬಿಟ್ಟಿಗೆಯಲ್ಲಿ ನೀರು ಸರಾಗ ಇಳಿಯುತ್ತದೆ, ಶೇಡಿ ಸಿಕ್ಕಿದ ಕೂಡಲೇ ಇಳಿಯಲಾಗದೆ ಅಡ್ಡಕ್ಕೆ ಹರಿದು ಎರಡರ ಸಂದಿಯಲ್ಲಿ ಹೊರಗೆ ಬರುತ್ತದೆ. ನೆಂದ ಶೇಡಿ ಸಾಬೂನಿನ ಹಾಗೆ, ಮೇಲಿನ ಮಣ್ಣಿನ ಭಾರ ಅದರ ಮೇಲೆ ಜಾರುತ್ತದೆ. ಹೊದಿಕೆ ಗಿಡದ ಬೇರು ಒಂದೆರಡು ಅಡಿ. ಧರೆ ಜಾರುವುದು ಅದಕ್ಕಿಂತ ತುಂಬಾ ಆಳದಲ್ಲಿ. ಹೊದಿಕೆ ತಡೆಯುವುದು ಕೊರಕಲನ್ನು, ಕುಸಿತವನ್ನಲ್ಲ. ಈ ವ್ಯತ್ಯಾಸ ಮನಸ್ಸಿನಲ್ಲಿರಲಿ.

ಈ ನಾಲ್ಕರಲ್ಲಿ ಯಾವುದಾದರೂ ಇದೆಯಾ ನೋಡಿ: ಧರೆಯ ನೆತ್ತಿಯಲ್ಲಿ ಅಂಚಿಗೆ ಸಮಾನಾಂತರವಾದ ಬಿರುಕು, ಹೊಸದಾಗಿ ಓರೆಯಾದ ಮರ, ಬುಡದಲ್ಲಿ ಉಬ್ಬು, ಮಳೆ ನಿಂತು ಎರಡು ಮೂರು ದಿನವಾದರೂ ಬುಡದಿಂದ ಜಿನುಗುವ ಕೆಸರು ನೀರು. ಒಂದಿದ್ದರೂ ಗಿಡದ ಲೆಕ್ಕ ಬಿಟ್ಟು ಭೂವಿಜ್ಞಾನ ಬಲ್ಲವರಿಗೆ ಜಾಗ ತೋರಿಸಿ. ಜೋರು ಮಳೆಯ ರಾತ್ರಿ ಆ ಬದಿಯ ಕೋಣೆಯಲ್ಲಿ ಯಾರೂ ಮಲಗಬೇಡಿ.

ಯಾವುದೂ ಇಲ್ಲ ಅಂದರೆ ಮೂರು ಕೆಲಸ. ನೆತ್ತಿಯ ಅಂಚಿನಿಂದ 1 ಮೀಟರ್ ಒಳಗೆ 30 ಸೆಂ.ಮೀ. ಅಗಲ, 30 ಸೆಂ.ಮೀ. ಆಳದ ಚರಂಡಿ. 100ಕ್ಕೆ 1ರಷ್ಟು ಇಳಿಜಾರು ಕೊಟ್ಟು ನೀರನ್ನು ಧರೆಯ ಬದಿಗೆ ಸಾಗಿಸಿ. ಚರಂಡಿಗೆ ಸಿಮೆಂಟ್ ಗಾರೆ ಅಥವಾ ದಪ್ಪ ಶೀಟ್ ಹಾಸಲೇಬೇಕು, ಇಲ್ಲದಿದ್ದರೆ ಅದೇ ಧರೆಗೆ ನೀರು ಕುಡಿಸುವ ಕಾಲುವೆಯಾಗುತ್ತದೆ. ಎರಡನೆಯದು, ಮೇಲೆ ಕೊಟ್ಟಿಗೆಯೋ ಶೆಡ್ಡೋ ಇದ್ದರೆ ಅದರ ಸೂರಿನ ನೀರು ಪೈಪಿನಲ್ಲೇ ಬುಡಕ್ಕೆ ಇಳಿಯಬೇಕು. ಮೂರನೆಯದು, ಶೇಡಿ ಕಾಣುವ ಬುಡಕ್ಕೆ 60 ಸೆಂ.ಮೀ. ಎತ್ತರದ ಒಣಗಲ್ಲಿನ ಕಟ್ಟೆ, ಹಿಂದೆ ಒಂದು ಗೇಣು ಜಲ್ಲಿ. ಗಾರೆ ಬೇಡ, ನೀರು ಸಂದಿಯಿಂದ ಹೊರಬರಲಿ.

ನೆಲಜಲ
ಮೇಲೆ ಚರಂಡಿಯ ಬದಲು ಇಂಗುಗುಂಡಿ ಮಾಡಿದರೆ ಆಗದೇ? ಬೇಸಿಗೆಯಲ್ಲಿ ಗಿಡಕ್ಕೂ ತೇವ ಸಿಗುತ್ತದೆ, ಬಾವಿಗೂ ನೀರು ಬರುತ್ತದೆ.

ಕಲ್ಲುಕಟ್ಟೆ
ಈ ಜಾಗದಲ್ಲಿ ಖಂಡಿತ ಬೇಡ. ಬಯಲುಸೀಮೆಯ ಇಳಿಜಾರು ಹೊಲದಲ್ಲಿ ಇಂಗುಗುಂಡಿ ಒಳ್ಳೆಯದು. ಕಡಿದಾದ ಧರೆಯ ನೆತ್ತಿಯಲ್ಲಿ ಅದು ಅಪಾಯ. ಮಣ್ಣಿನ ರಂಧ್ರಗಳೆಲ್ಲ ನೀರು ತುಂಬಿಕೊಂಡಾಗ ಒಳಗಿನ ಒತ್ತಡ ಏರಿ ಕಣಕ್ಕೆ ಕಣದ ಹಿಡಿತ ತಪ್ಪುತ್ತದೆ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಬರೆಗಳು, ಅಂದರೆ ಇಂಥ ಧರೆಗಳು, ಸಾಲು ಸಾಲಾಗಿ ಕುಸಿದದ್ದು ದಿನಗಟ್ಟಲೆ ಮಳೆಯಲ್ಲಿ ಮಣ್ಣು ನೆಂದು ಭಾರವಾದ ಮೇಲೆ. ಬಾವಿಗೆ ನೀರು ಬೇಕಿದ್ದರೆ ಗುಂಡಿಯನ್ನು ಧರೆಯ ಕೆಳಗೆ, ಮನೆಯ ಪಾಯದಿಂದ ದೂರ, ಸಮತಟ್ಟು ಜಾಗದಲ್ಲಿ ತೆಗೆಯಿರಿ.

ಲಾವಂಚದ ಸಾಲು
ನೀರಿನ ವ್ಯವಸ್ಥೆ ಆಗಿದೆ ಅಂದುಕೊಂಡು ಮುಂದುವರಿಸುತ್ತೇನೆ. ಪಿಂಟೋಯಿಯಾ ವೆಡೇಲಿಯಾನಾ ಅನ್ನುವ ಪ್ರಶ್ನೆಗೆ ಮುಂಚೆ ಧರೆಗೆ ಬೆನ್ನೆಲುಬು ಹಾಕಿ. ಅದು ಲಾವಂಚ, ನಮ್ಮ ಮುಡಿವಾಳ. ಬೇರು ಅಡ್ಡಕ್ಕೆ ಹರಡದೆ ನೇರ ಕೆಳಗೆ ಇಳಿಯುತ್ತದೆ, ಒಳ್ಳೆ ಮಣ್ಣಿನಲ್ಲಿ 2–3 ಮೀಟರ್. ಗಟ್ಟಿ ಜಂಬಿಟ್ಟಿಗೆಯಲ್ಲಿ ಅಷ್ಟು ಹೋಗದು, ಆದರೂ ಮಾಮೂಲಿ ಹುಲ್ಲುಗಳಿಗಿಂತ ಆಳಕ್ಕೆ ಹೋಗುತ್ತದೆ. ಗುಂಡ್ಲುಪೇಟೆ ಕಡೆ ರೈತರು ತಲೆಮಾರುಗಳಿಂದ ಹೊಲದ ಬದುವಿಗೆ ಇದನ್ನೇ ಹಾಕುತ್ತ ಬಂದಿದ್ದಾರೆ. 1980ರ ದಶಕದಲ್ಲಿ ಮಣ್ಣು ಸಂರಕ್ಷಣೆಗೆ ಲಾವಂಚವನ್ನು ದೇಶವಿದೇಶಕ್ಕೆ ಒಯ್ದ ವಿಶ್ವಬ್ಯಾಂಕಿನ ತಜ್ಞರೂ ಆ ಬದುಗಳನ್ನೇ ಉದಾಹರಣೆಯಾಗಿ ಹೇಳುತ್ತಿದ್ದರು.

ನಿಮ್ಮ ಲೆಕ್ಕ: ಕೋನ 40 ಡಿಗ್ರಿ ಅಂದುಕೊಂಡರೆ, 5 ಮೀಟರ್ ಇಳಿಜಾರಿಗೆ ನೇರ ಎತ್ತರ 3.2 ಮೀಟರ್. ಪ್ರತಿ 1 ಮೀಟರ್ ಎತ್ತರಕ್ಕೆ ಒಂದು ಸಾಲು, ಅಂದರೆ ಇಳಿಜಾರಿನ ಮೇಲೆ ಸುಮಾರು 1.55 ಮೀಟರಿಗೊಂದು. ನೆತ್ತಿಯಿಂದ ಒಂದು ಅಡಿ ಬಿಟ್ಟು ಮೊದಲ ಸಾಲು, ಕೊನೆಯದು ಬುಡದ ಕಟ್ಟೆಯ ತಲೆಯ ಮೇಲೆ, ಒಟ್ಟು ನಾಲ್ಕು. 15 ಸೆಂ.ಮೀ.ಗೊಂದು ನೆಟ್ಟರೆ ಸಾಲಿಗೆ 60, ಒಟ್ಟು 240. ಸತ್ತವಕ್ಕೆ ಬದಲಿಯಾಗಿ 30 ಹೆಚ್ಚು ತನ್ನಿ. ಒಂದೊಂದರಲ್ಲೂ ಎರಡು ಮೂರು ತೆಂಡೆ (ಬುಡದಿಂದ ಒಡೆದ ಮರಿ) ಇರಲಿ. ಒಂಟಿ ತೆಂಡೆ ಬದುಕುತ್ತದೆ, ಆದರೆ ಸಾಲು ಕೂಡಿಕೊಳ್ಳಲು ಒಂದು ಮಳೆಗಾಲ ಹೆಚ್ಚು ತೆಗೆದುಕೊಳ್ಳುತ್ತದೆ.

ಸಾಲು ಸಮಪಾತಳಿಯಲ್ಲೇ, ಅಂದರೆ ಉದ್ದಕ್ಕೂ ಒಂದೇ ಎತ್ತರದಲ್ಲಿ ಇರಬೇಕು. ಕಣ್ಣಳತೆ ಇಲ್ಲಿ ಮೋಸ ಮಾಡುತ್ತದೆ. ಎರಡು ಮೀಟರಿನ ಎರಡು ಬಿದಿರನ್ನು ತುದಿಗೆ ಕಟ್ಟಿ, ಕಾಲು ಅಗಲಿಸಿ, ನಡುವೆ ಅಡ್ಡಕೋಲು ಬಿಗಿದು, ತುದಿಯಿಂದ ದಾರದಲ್ಲಿ ಕಲ್ಲು ಇಳಿಬಿಡಿ. ಎರಡು ಗೂಟದ ಮೇಲೆ ನಿಲ್ಲಿಸಿ ದಾರ ಅಡ್ಡಕೋಲನ್ನು ಮುಟ್ಟುವಲ್ಲಿ ಗುರುತು ಹಾಕಿ. ಕಾಲು ಅದಲುಬದಲು ಮಾಡಿ ಅದೇ ಗೂಟಗಳ ಮೇಲೆ ಇಟ್ಟು ಮತ್ತೊಂದು ಗುರುತು ಹಾಕಿ. ಎರಡು ಗುರುತಿನ ನಡುಮಧ್ಯವೇ ಮಟ್ಟ. ಆಮೇಲೆ ಒಂದು ಕಾಲು ಊರಿ, ದಾರ ಮಧ್ಯಕ್ಕೆ ಬರುವಂತೆ ಇನ್ನೊಂದು ಕಾಲನ್ನು ಮೇಲೆ ಕೆಳಗೆ ಆಡಿಸಿ ಗೂಟ ಹೊಡೆಯುತ್ತ ಸಾಗಿ. ಸಾಲು ಒಂದು ಕಡೆ ಇಳಿದಿದ್ದರೆ ನೀರೆಲ್ಲ ಆ ತುದಿಗೆ ಕೂಡಿ ಅಲ್ಲೇ ಗಂಡಿ ಬೀಳುತ್ತದೆ.

ನೆಡುವಾಗ ಎಲೆಯನ್ನು 20 ಸೆಂ.ಮೀ.ಗೆ, ಬೇರನ್ನು 8–10 ಸೆಂ.ಮೀ.ಗೆ ಕತ್ತರಿಸಿ, ಸಗಣಿ ಬಗ್ಗಡದಲ್ಲಿ ಅದ್ದಿ, 15 ಸೆಂ.ಮೀ. ಆಳದ ಕಿರುಗಾಲುವೆಯಲ್ಲಿ ಕೂರಿಸಿ ಬುಡ ತುಳಿದು ಬಿಗಿ ಮಾಡಿ. ಮೂರು ತಿಂಗಳಿಗೆ ಮೊದಲ ಸಲ 40 ಸೆಂ.ಮೀ.ಗೆ ಕೊಯ್ಯಿರಿ. ಕೊಯ್ದಷ್ಟೂ ತೆಂಡೆ ಹೆಚ್ಚುತ್ತದೆ. ಕೊಯ್ದ ಹುಲ್ಲನ್ನು ಸಾಲಿನ ಮೇಲ್ಬದಿಗೆ ಹಾಸಿ.

ಇನ್ನೊಂದು. ಎರಡು ವರ್ಷ ಆದಮೇಲೆ ಬೇರು ಕೇಳಿಕೊಂಡು ಬರುವವರು ಇರುತ್ತಾರೆ. ಪರಿಮಳದ ಬೇರಿಗೆ ಬೆಲೆಯೂ ಇದೆ. ಧರೆಯ ಲಾವಂಚದ ಒಂದು ಬುಡವನ್ನೂ ಕೀಳಬೇಡಿ. ಬೇರು ಬೇಕಿದ್ದರೆ ಮರಳು ತುಂಬಿದ ಚೀಲದಲ್ಲಿ ಬೇರೆ ಬೆಳೆಯಿರಿ.

ಸಸಿಮನೆ
ಈಗ ಹೊದಿಕೆ. ವೆಡೇಲಿಯಾ ದಯವಿಟ್ಟು ಹಾಕಬೇಡಿ. ಮೂರು ತಿಂಗಳಲ್ಲಿ ಹಸಿರು ಹಾಸುತ್ತದೆ ಅನ್ನುವುದು ನಿಜ, ಸಸಿಗೆ ದುಡ್ಡೂ ಕೊಡಬೇಕಿಲ್ಲ. ಆದರೆ ಜಗತ್ತಿನ ಅತಿ ಕೆಟ್ಟ 100 ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಇದರ ಹೆಸರಿದೆ. ಗಿಣ್ಣು ಗಿಣ್ಣಿನಲ್ಲಿ ಬೇರು ಬಿಡುತ್ತದೆ, ಸವರಿ ಎಸೆದ ತುಂಡು ಚರಂಡಿಯಲ್ಲಿ ತೇಲಿ ಹಳ್ಳ ಸೇರಿದರೆ ಹಳ್ಳದ ದಂಡೆಯಲ್ಲಿ ಬೇರೆ ಏನೂ ಏಳುವುದಿಲ್ಲ. ನಿಮ್ಮ ಧರೆಯ ನೀರು ಕೊನೆಗೆ ತುಂಗೆಗೋ ಭದ್ರೆಗೋ ಹೋಗುವಂಥದ್ದು.

ರಬ್ಬರ್ ತೋಟದ ಮ್ಯೂಕುನಾ ಬಳ್ಳಿಯೂ ಬೇಡ. ತೋಟದಲ್ಲಿ ಸರಿ, ಮನೆ ಹಿತ್ತಿಲಲ್ಲಿ ಒಂದೇ ವರ್ಷಕ್ಕೆ ನಿಂಬೆ, ದಾಸವಾಳ, ಕೊನೆಗೆ ಹೆಂಚಿನ ಮೇಲೂ ಹತ್ತುತ್ತದೆ.

ನಿಮ್ಮ ಮಣ್ಣಿಗೆ, ಮಳೆಗೆ ಪಿಂಟೋಯಿ ಹೊಂದುತ್ತದೆ. ಶೇಂಗಾದ ಜಾತಿ, ಹಳದಿ ಹೂವು, ಬೇರಿನ ಗಂಟಿನಲ್ಲಿ ಸಾರಜನಕ ಕಟ್ಟುತ್ತದೆ, ಎತ್ತರ ಒಂದು ಗೇಣು ದಾಟುವುದಿಲ್ಲ, ಯಂತ್ರ ಹಿಡಿದು ಕತ್ತರಿಸುವ ಕೆಲಸ ಇಲ್ಲ. 25 ಸೆಂ.ಮೀ.ಗೊಂದು ನೆಟ್ಟರೆ ಚದರ ಮೀಟರಿಗೆ 16. ನಿಮ್ಮದು 45 ಚದರ ಮೀಟರ್, ಲಾವಂಚದ ಸಾಲಿಗೆ ಎರಡೂ ಬದಿ ಒಂದೊಂದು ಗೇಣು ಬಿಟ್ಟರೆ 500ರ ಆಸುಪಾಸು ಸಾಕು. ಬಿಡದೆ ನೆಟ್ಟರೆ ಪಿಂಟೋಯಿ ಲಾವಂಚದ ಎಳೆ ಬುಡಕ್ಕೆ ನೆರಳು ಕೊಡುತ್ತದೆ. ನೆರಳು ಲಾವಂಚಕ್ಕೆ ಆಗದು.

ಹಸಿ ತುಂಡನ್ನು ನೇರ ಧರೆಗೆ ಚುಚ್ಚಬೇಡಿ. ಸಮತಟ್ಟಿನಲ್ಲಿ ಹಿಡಿಯುವ ತುಂಡು ಇಳಿಜಾರಿನಲ್ಲಿ ಮೊದಲ ಜೋರು ಮಳೆಗೇ ಹೋಗುತ್ತದೆ. 15 ಸೆಂ.ಮೀ. ಉದ್ದದ, ಮೂರು ಗಿಣ್ಣಿನ ತುಂಡುಗಳನ್ನು ಟ್ರೇಯಲ್ಲೋ ಸಣ್ಣ ಚೀಲದಲ್ಲೋ 3–4 ವಾರ ಬೇರು ಬಿಡಿಸಿ. ಸಸಿಯನ್ನು ಹಿಡಿದೆತ್ತಿದರೆ ಮಣ್ಣಿನ ಗುಡ್ಡೆ ಉದುರದೆ ಇಡಿಯಾಗಿ ಬಂದರೆ ಆಗ ಅದು ಧರೆಗೆ ಸಿದ್ಧ.

ಒಂದೇ ಗಿಡದ ಹಾಸು ಬೇಡ ಅನ್ನಿಸಿದರೆ ನೆತ್ತಿಯ ಒಣ ಪಟ್ಟಿಗೆ ಮಜ್ಜಿಗೆ ಹುಲ್ಲು, ನೀಲಿ ಹೂವಿನ ಎವಾಲ್ವುಲಸ್, ಕಲ್ಲಿನ ಸಂದಿಗೆ ದೊಡ್ಡಪತ್ರೆ. ಒಂದೆಲಗ ಕೇಳುವವರಿದ್ದಾರೆ. ಅದು ತಂಪು, ತೇವದ ಗಿಡ, ಪಡುವಣ ಬಿಸಿಲಿಗೆ ಮಾರ್ಚ್‌ನಲ್ಲೇ ಸುಟ್ಟುಹೋಗುತ್ತದೆ. ಹತ್ತು ಗಂಟೆ ಹೂವು ಬಿಸಿಲು ತಡೆಯುತ್ತದೆ, ಮಲೆನಾಡಿನ ಜುಲೈಗೆ ಕೊಳೆಯುತ್ತದೆ.

ಕೆಂಪುಗಲ್ಲು
ಕನಕಪುರ ಕಡೆ ತೋಟದ ಮನೆಗಳಲ್ಲೂ ಇದೇ ಪ್ರಶ್ನೆ ಬರುತ್ತದೆ. ಉತ್ತರ ಬೇರೆ. ಅಲ್ಲಿ ಮಳೆ ಕಡಿಮೆ, ಗರಸು ಮಣ್ಣು, ಕೈಗೆ ಸಿಗುವುದು ಬೋರ್‌ವೆಲ್‌ನ ಗಡಸು ನೀರು. ಪಿಂಟೋಯಿ ಬೇಸಿಗೆಯಲ್ಲಿ ವಾರಕ್ಕೆರಡು ಸಲ ನೀರು ಕೇಳುತ್ತದೆ, ಗಡಸು ನೀರಿಗೆ ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರು ಉಳಿಯುತ್ತದೆ. ಅದು ಕಬ್ಬಿಣದ ಕೊರತೆ, ಯೂರಿಯಾ ಹಾಕಿದರೆ ಸರಿಹೋಗುವುದಿಲ್ಲ. ಅಂಥ ಕಡೆ ಗರಿಕೆ, ಮಜ್ಜಿಗೆ ಹುಲ್ಲು, ದೊಡ್ಡಪತ್ರೆ, ನೇರಳೆ ಎಲೆಯ ಸೆಟ್‌ಕ್ರೇಸಿಯಾ ಬೆರೆಸಿ ಹಾಕುವುದು ಮೇಲು. ನೇರಳೆ ಹೂವಿನ ಹಬ್ಬು ಲಂಟಾನವೂ ಬರ ತಡೆಯುತ್ತದೆ, 50 ಸೆಂ.ಮೀ.ಗೊಂದು ಸಾಕು.

ಸಸಿಮನೆ
ಹಬ್ಬು ಲಂಟಾನದ ಬಗ್ಗೆ ನನಗೆ ಒಪ್ಪಿಗೆ ಇಲ್ಲ. ಕಾಡಂಚಿನ ಜಾಗದಲ್ಲಿ ಲಂಟಾನದ ಯಾವ ನೆಂಟನನ್ನೂ ನಾನು ಹೇಳುವುದಿಲ್ಲ. ಅದರ ಅಣ್ಣ ಬಂಡೀಪುರದ ಕಾಡನ್ನು ಏನು ಮಾಡಿದೆ ಅಂತ ಗುಂಡ್ಲುಪೇಟೆ ರಸ್ತೆಯಲ್ಲಿ ಹೋದವರಿಗೆಲ್ಲ ಕಾಣುತ್ತದೆ.

ಕೆಂಪುಗಲ್ಲು
ಕಾಡಂಚಿಗೆ ಬೇಡ ಅನ್ನುವುದು ಸರಿ. ಊರೊಳಗಿನ ಸೈಟಿಗೆ ಮಾತ್ರ ಅಂದುಕೊಳ್ಳಿ. ಹನಿ ನೀರಾವರಿ ಬಗ್ಗೆಯೂ ಒಂದು ಮಾತು. ಪೈಪನ್ನು ಮೇಲಿಂದ ಕೆಳಕ್ಕೆ ಎಳೆಯಬೇಡಿ, ಲಾವಂಚದ ಸಾಲಿನಂತೆ ಅಡ್ಡಕ್ಕೇ ಎಳೆಯಿರಿ. ಒತ್ತಡ ಸರಿದೂಗಿಸುವ ಡ್ರಿಪ್ಪರ್ ಇಲ್ಲದಿದ್ದರೆ ಕೆಳಗಿನ ಸಾಲಿಗೆ ನೀರು ಹೆಚ್ಚಾಗಿ ಮೇಲಿನದು ಒಣಗುತ್ತದೆ. ಅರ್ಧ ಗಂಟೆ ಒಂದೇ ಸಲ ಬಿಡುವ ಬದಲು ಹತ್ತು ಹತ್ತು ನಿಮಿಷ ಮೂರು ಸಲ ಬಿಡಿ, ಇಳಿಜಾರಿನಲ್ಲಿ ನೀರು ಇಂಗಲು ಹೊತ್ತು ಬೇಕು. ಮಳೆಗಾಲದಲ್ಲಿ ಮೇಲಿನ ವಾಲ್ವ್ ಮುಚ್ಚಿ ಪೈಪ್ ಬಿಚ್ಚಿಡಿ. ಯಾರಿಗೂ ಕಾಣದೆ ತಿಂಗಳುಗಟ್ಟಲೆ ಸೋರುವ ಒಂದು ಜೋಡಣೆ ಧರೆಯನ್ನು ಒಳಗಿಂದ ಸಡಿಲ ಮಾಡುತ್ತದೆ.

ಧರೆಯಂಚು
ಅಳೆದೆ. ಮೂರು ಕಡೆ 80ರಿಂದ 86 ಸೆಂ.ಮೀ. ಬಂತು. ಬಿರುಕು, ಉಬ್ಬು ಇಲ್ಲ. ಈಗ ಏಪ್ರಿಲ್, ಬುಡ ಒಣಗಿದೆ. ನಾರಿನ ಬಲೆ ಎಂಥದು ತರಬೇಕು? ನೀಲಿ ಟಾರ್ಪಾಲು ಹೊದಿಸಿದರೆ ಆಗದೇ?

ಕಲ್ಲುಕಟ್ಟೆ
ಟಾರ್ಪಾಲು ಒಂದು ಮಳೆಗಾಲದ ತುರ್ತಿಗೆ ಮಾತ್ರ. ಅದರಡಿ ಏನೂ ಬೆಳೆಯದು, ಬಿಸಿಲಿಗೆ ಮಣ್ಣು ಬೆಂದುಹೋಗುತ್ತದೆ, ಅಂಚಿನಲ್ಲಿ ಕೂಡಿದ ನೀರು ಒಂದೇ ಕಡೆ ಕೊರೆಯುತ್ತದೆ.

ನಾರಿನ ಬಲೆಗೆ ಭೂವಸ್ತ್ರ ಅನ್ನುತ್ತಾರೆ, ಅದು ಚದರ ಮೀಟರಿಗೆ 400, 700, 900 ಗ್ರಾಂ ತೂಕದಲ್ಲಿ ಸಿಗುತ್ತದೆ. ನಿಮ್ಮ ಕೋನಕ್ಕೆ 700ರದ್ದು ತನ್ನಿ. 400ರದ್ದರ ಕಣ್ಣು ದೊಡ್ಡದು, ಮಣ್ಣು ಹಿಡಿಯುವುದು ಕಡಿಮೆ. 900ರದ್ದರ ಕಣ್ಣು ಚಿಕ್ಕದು, ಸಸಿ ನೆಡಲು ಪ್ರತಿ ಜಾಗದಲ್ಲೂ ಹುರಿ ಸರಿಸಬೇಕಾಗುತ್ತದೆ. 2 ಮೀಟರ್ ಅಗಲದ ಸುರುಳಿಯಾದರೆ, ಪಕ್ಕಪಕ್ಕದ ಪಟ್ಟಿ 15 ಸೆಂ.ಮೀ. ಒಂದರ ಮೇಲೊಂದು ಬರುವಂತೆ 9 ಮೀಟರಿಗೆ 5 ಪಟ್ಟಿ. ಮೇಲೆ ಹೂಳಲು 60 ಸೆಂ.ಮೀ., ಕೆಳಗೆ ಮಡಚಲು 40 ಸೇರಿಸಿ ಪಟ್ಟಿಯ ಉದ್ದ 6 ಮೀಟರ್. ಒಟ್ಟು 60 ಚದರ ಮೀಟರ್.

ಮೊದಲು ಕೊರಕಲುಗಳನ್ನು ಅದೇ ಮಣ್ಣಿನಿಂದ ತುಂಬಿ ಬಡಿದು ಸಮ ಮಾಡಿ. ಬಲೆಯಡಿ ಪೊಳ್ಳು ಉಳಿದರೆ ನೀರು ಅಲ್ಲೇ ಸುರಂಗ ಕೊರೆಯುತ್ತದೆ. ಬಲೆ ಸೋಲುವುದು ಹೆಚ್ಚಾಗಿ ಇದೇ ತಪ್ಪಿಗೆ. ನೆತ್ತಿಯ ಅಂಚಿಗೂ ಹಾಸಿದ ಚರಂಡಿಗೂ ನಡುವೆ 30 ಸೆಂ.ಮೀ. ಕಾಲುವೆಯಲ್ಲಿ ಬಲೆಯ ತುದಿ ಹೂತು ಮಣ್ಣು ತುಂಬಿ ತುಳಿಯಿರಿ. ಆಮೇಲೆ ಮೇಲಿಂದ ಕೆಳಕ್ಕೆ ಉರುಳಿಸಿ. ಬಿಗಿಯಾಗಿ ಎಳೆಯಬೇಡಿ, ಎಳೆದರೆ ತಗ್ಗಿನಲ್ಲಿ ಮಣ್ಣಿನಿಂದ ಮೇಲೇಳುತ್ತದೆ. 8 ಮಿ.ಮೀ. ಸರಳನ್ನು ಯು ಆಕಾರಕ್ಕೆ ಬಗ್ಗಿಸಿದ 30 ಸೆಂ.ಮೀ. ಮೊಳೆ ಸುಮಾರು 120 ಬೇಕು. ಜಂಬಿಟ್ಟಿಗೆಗೆ ಬಿದಿರು ಗೂಟ ಇಳಿಯುವುದಿಲ್ಲ, ಸೀಳುತ್ತದೆ. ಬಲೆ ಎರಡು ಮೂರು ವರ್ಷಕ್ಕೆ ಕೊಳೆತು ಮಣ್ಣಾಗುತ್ತದೆ, ಅಷ್ಟರಲ್ಲಿ ಗಿಡ ಕೂಡಿಕೊಂಡಿರಬೇಕು.

ಲಾವಂಚದ ಸಾಲು
ಬಲೆ ಮೊದಲು, ಗಿಡ ಆಮೇಲೆ. ಹುರಿ ಕತ್ತರಿಸಬೇಡಿ, ಸರಿಸಿ ನೆಡಿ. ಮೇಲಿನ ಸಾಲಿನಿಂದ ಶುರು ಮಾಡಿ ಕೆಳಗೆ ಬನ್ನಿ, ಇಲ್ಲದಿದ್ದರೆ ನೆಟ್ಟದ್ದನ್ನೇ ತುಳಿಯುತ್ತೀರಿ. 40 ಡಿಗ್ರಿಯಲ್ಲಿ ನಿಲ್ಲಲು ನೆತ್ತಿಯ ಗಟ್ಟಿ ಮರಕ್ಕೆ ಹಗ್ಗ ಕಟ್ಟಿ ಸೊಂಟಕ್ಕೆ ಬಿಗಿದುಕೊಳ್ಳಲೇಬೇಕು.

ಸಮಯ: ಮೇ ಎರಡನೇ ವಾರದ ಮುಂಗಾರುಪೂರ್ವ ಮಳೆಗೆ ನೆಟ್ಟು, ಮಳೆ ಬಾರದ ದಿನ ಕೈನೀರು ಕೊಡಿ. ಜುಲೈನ ಜಡಿಮಳೆಗೆ ಮುಂಚೆ 6 ವಾರ ಸಿಗುತ್ತದೆ. ಜೂನ್ ಕೊನೆಗೆ ಅಂತೂ ನೆಡಬೇಡಿ. ಮೇ ತಪ್ಪಿದರೆ ಬಲೆ ಮಾತ್ರ ಹೊದಿಸಿ ಬಿಟ್ಟು, ಸೆಪ್ಟೆಂಬರ್‌ನಲ್ಲಿ ಮಳೆ ತಗ್ಗಿದ ಮೇಲೆ ನೆಡಿ. ಆಗ ನಡುವಿನ ಖಾಲಿಗೆ ಅರ್ಧ ಕೆ.ಜಿ. ಹುರುಳಿ ಎರಚಿದರೆ ಒಂದೂವರೆ ತಿಂಗಳಲ್ಲಿ ನೆಲ ಮುಚ್ಚುತ್ತದೆ. ಬಲಿತಾಗ ಬುಡಕ್ಕೆ ಕುಡುಗೋಲು ಹಾಕಿ ಕೊಯ್ಯಿರಿ, ಕೀಳಬೇಡಿ. ಬೇರು ಮಣ್ಣಿನಲ್ಲೇ ಇರಲಿ.

ಸಸಿಮನೆ
ಪಿಂಟೋಯಿ ಗುಣಿಯ ಬಗ್ಗೆ. ಗುಣಿ 12 ಸೆಂ.ಮೀ. ಆಳ, ಬಾಯಿ ಧರೆಯ ಒಳಕ್ಕೆ ವಾಲಿರಲಿ. ಕೆಳಬದಿಯಲ್ಲಿ ಅಂಗೈ ಅಗಲದ ಅರ್ಧಚಂದ್ರದ ತುಟಿ ಕಟ್ಟಿ. ಒಂದು ಹಿಡಿ ಹಳೆಯ ಕೊಟ್ಟಿಗೆ ಗೊಬ್ಬರ, ಅಷ್ಟೆ. ಇಡೀ ಧರೆಗೆ ಎರಡು ಇಂಚು ಒಳ್ಳೆ ಮಣ್ಣು ಹಾಸುತ್ತೇವೆ ಅನ್ನುವವರಿದ್ದಾರೆ. ಗಟ್ಟಿ ನೆಲದ ಮೇಲೆ ಹಾಸಿದ ಸಡಿಲ ಮಣ್ಣು ಮೊದಲ ವಾರದಲ್ಲೇ ಸಸಿ ಸಮೇತ ಚರಂಡಿಗೆ ಇಳಿಯುತ್ತದೆ.

ಮೊದಲ ವರ್ಷದ ಕಳೆಯೇ ದೊಡ್ಡ ಕೆಲಸ. ಮೂರು ವಾರಕ್ಕೊಮ್ಮೆ, ಕಳೆ ಎಳೆಯದಾಗಿರುವಾಗಲೇ ಕೈಯಲ್ಲಿ ಕೀಳಿ. ಕಮ್ಯುನಿಸ್ಟ್ ಗಿಡ, ಮುಳ್ಳಿನ ಮುಟ್ಟಿದರೆ ಮುನಿ ಬಲಿತಿದ್ದರೆ ಕಿತ್ತಾಗ ಮಣ್ಣಿನ ಹೆಂಟೆಯೇ ಬರುತ್ತದೆ, ಅಂಥವನ್ನು ನೆಲಮಟ್ಟಕ್ಕೆ ಕತ್ತರಿಸುತ್ತ ದಣಿಸಬೇಕು. ಕಳೆಗುದ್ದಲಿ ಬೇಡ, ಕಳೆನಾಶಕವೂ ಬೇಡ. ಸಿಂಪಡಿಸಿ ಸತ್ತ ಪಟ್ಟಿ ಬೋಳಾಗಿ, ಕೊರಕಲು ಅಲ್ಲಿಂದಲೇ ಮತ್ತೆ ಶುರುವಾಗುತ್ತದೆ.

ನೆಲಜಲ
ಇಷ್ಟು ದಟ್ಟವಾದರೆ ಹಾವಿನ ಭಯ ಇಲ್ಲವೇ?

ಲಾವಂಚದ ಸಾಲು
ಹಾವು ಬರುವುದು ಇಲಿ, ಕಪ್ಪೆಗೆ. ಧರೆಯಲ್ಲಿ ಇಲಿ ಬಿಲ ಕಂಡರೆ ಕಲ್ಲುಚೂರು, ಮಣ್ಣು ತುಂಬಿ ಮುಚ್ಚಿ. ಬಿಲದಿಂದ ನೀರೂ ಒಳಗೆ ಇಳಿಯುತ್ತದೆ, ಹಾಗಾಗಿ ಎರಡಕ್ಕೂ ಒಳ್ಳೆಯದು. ಲಾವಂಚವನ್ನು 40 ಸೆಂ.ಮೀ.ನಲ್ಲೇ ಇಟ್ಟುಕೊಳ್ಳಿ, ಬುಡದ ಕಟ್ಟೆಗೂ ಮನೆಗೂ ನಡುವೆ 1 ಮೀಟರ್ ಚೊಕ್ಕಟ ನೆಲ ಇರಲಿ. ಕಟ್ಟೆಯ ಕಲ್ಲುಸಂದಿಗೆ ಕೈ ಹಾಕಿ ಕಳೆ ಕೀಳಬೇಡಿ, ಕೋಲು ಬಳಸಿ. ದನ ಬರದ ಹಾಗೆ ಬೇಲಿ ಗಟ್ಟಿ ಮಾಡಿ. ಪಿಂಟೋಯಿ ಒಳ್ಳೆ ಮೇವು, ತಿಂದದ್ದು ಚಿಗುರುತ್ತದೆ, ಗೊರಸಿನಿಂದ ಕಿತ್ತು ಹೋದದ್ದು ಚಿಗುರುವುದಿಲ್ಲ.

ಧರೆಯಂಚು
ಬೇಸಿಗೆಯಲ್ಲಿ ಪಿಂಟೋಯಿ ಒಣಗಿದರೆ ಮತ್ತೆ ನೆಡಬೇಕಾ?

ಸಸಿಮನೆ
ಮೊದಲ ಬೇಸಿಗೆಯಲ್ಲಿ ವಾರಕ್ಕೊಮ್ಮೆ ನೀರು ಕೊಡಿ, ಬೇರು ಇನ್ನೂ ಮೇಲೇ ಇರುತ್ತದೆ. ಎರಡನೇ ವರ್ಷದಿಂದ ಎಲೆ ಉದುರಿಸಿ ಬಳ್ಳಿ ಮಾತ್ರ ಉಳಿದರೂ ಗಾಬರಿ ಬೇಡ. ಬಳ್ಳಿಯನ್ನು ಉಗುರಿನಿಂದ ಕೆರೆದು ನೋಡಿ, ಒಳಗೆ ಹಸಿರಿದ್ದರೆ ಮೊದಲ ಮಳೆಗೆ ಚಿಗುರುತ್ತದೆ. ಎಲೆ ಮೇಲೆ ಸೂಜಿಮೊನೆಯಷ್ಟು ಬಿಳಿ ಚುಕ್ಕೆ, ಅಡಿಯಲ್ಲಿ ನವಿರು ಬಲೆ ಕಂಡರೆ ಅದು ನೀರಿನ ಕೊರತೆಯಲ್ಲ, ಜೇಡ ನುಸಿ. ಬೆಳಿಗ್ಗೆ ಎಲೆಯ ಅಡಿಗೆ ತಾಗುವಂತೆ ನೀರು ಎರಚಿ, ನಾಲ್ಕು ದಿನ ಬಿಟ್ಟು ಮತ್ತೆ ಎರಚಿ. ಬೋಳಾದ ಜಾಗಕ್ಕೆ ಹೊಸ ಸಸಿ ತರುವ ಬದಲು ಪಕ್ಕದ ಬಳ್ಳಿಯನ್ನೇ ಅತ್ತ ಎಳೆದು, ಗಿಣ್ಣಿನ ಮೇಲೆ ಯು ಮೊಳೆ ಒತ್ತಿ, ಒಂದು ಹಿಡಿ ಮಣ್ಣು ಇಡಿ. ಮೇ ಕೊನೆಗೆ ಮಾಡಿದರೆ ಜೂನ್ ಮುಗಿಯುವಷ್ಟರಲ್ಲಿ ಬೇರು ಹಿಡಿದಿರುತ್ತದೆ.